ಮಲೆನಾಡಿನ ಮನೆಯಲ್ಲಿ ವಾಟರ್ ಕೂಲಿಂಗ್ ಕಂಪ್ಯೂಟರ್: ಅಂಜಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ಹಲವು ವರ್ಷ ಕೆಲಸ ಮಾಡಿ ಈಗ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಮರಳಿದ್ದೇನೆ. ಕಟ್ಟಡಗಳ ಮೂರು ಆಯಾಮದ ಚಿತ್ರ ಮತ್ತು ವಿಡಿಯೊ ತಯಾರಿಸಿಕೊಡುವುದು ನನ್ನ ವೃತ್ತಿ. ಎಷ್ಟೋ ಸಲ ರಾತ್ರಿಯಿಡೀ ರೆಂಡರಿಂಗ್, ಅಂದರೆ ಕಂಪ್ಯೂಟರ್ ಆ ಚಿತ್ರಗಳನ್ನು ಲೆಕ್ಕ ಹಾಕಿ ಮೂಡಿಸುವ ಕೆಲಸ, ನಡೆಯುತ್ತಿರುತ್ತದೆ. ರೈಜನ್ 9 9950ಎಕ್ಸ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಹಾಕಿ, ಎರಡಕ್ಕೂ ಸೇರಿ ಕಸ್ಟಮ್ ವಾಟರ್ ಕೂಲಿಂಗ್, ಅಂದರೆ ಬಿಡಿ ಭಾಗಗಳನ್ನು ಕೂಡಿಸಿ ನೀರಿನಿಂದ ತಣಿಸುವ ವ್ಯವಸ್ಥೆ, ಮಾಡಿಸಬೇಕೆಂದಿದ್ದೇನೆ. ಅಂಗಡಿಯೊಬ್ಬರು, ಮಲೆನಾಡಿನ ತೇವಕ್ಕೆ ಪೈಪುಗಳು ಬೆವರಿ ಬೋರ್ಡ್ ಸುಡುತ್ತದೆ ಎಂದರು. ಕರೆಂಟಿನ ಪೆಟ್ಟಿಗೆಯೊಳಗೆ ಯಾರಾದರೂ ನೀರು ಹರಿಸುತ್ತಾರೆಯೇ ಎಂದು ಅಪ್ಪ ಕೇಳುತ್ತಾರೆ. ಗೆಳೆಯರೊಬ್ಬರು ನಮ್ಮ ಮನೆಯ ಅಬ್ಬಿ ನೀರನ್ನೇ ಸೋಸಿ ಹಾಕಬಹುದು ಎನ್ನುತ್ತಾರೆ. ಏನು ಮಾಡಲಿ? ಕೆಟ್ಟರೆ ರಿಪೇರಿಗೆ ಬೆಂಗಳೂರಿಗೇ ಒಯ್ಯಬೇಕು ಎಂಬುದೂ ಒಂದು ಚಿಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಅಂಜಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹವೆಯ ತೇವಕ್ಕೆ ಪೈಪು ಬೆವರೀತು ಎಂಬುದು ಒಂದು, ಒಳಗಿನ ನೀರು ಸೋರಿ ಕಾರ್ಡ್ ಹಾಳಾದೀತು ಎಂಬುದು ಇನ್ನೊಂದು, ಕೆಟ್ಟಾಗ ನೋಡುವವರು ಹತ್ತಿರದಲ್ಲಿ ಇಲ್ಲ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದರಲ್ಲಿ ಸತ್ಯವಿದೆ, ಆದರೆ ಅದನ್ನು ಹತೋಟಿಯಲ್ಲಿ ಇಡಬಹುದು. ಮೂರನೆಯದನ್ನು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಇಂಥ ಯಂತ್ರಗಳನ್ನು ಜೋಡಿಸಿ, ಬಿಚ್ಚಿ, ರಿಪೇರಿ ಮಾಡಿಕೊಂಡು ಬಂದಿರುವ ನನ್ನ ಅನುಭವದಲ್ಲಿ ನಿರ್ಧಾರ ನಿಲ್ಲಬೇಕಾದದ್ದು ಅದರ ಮೇಲೆಯೇ. ನೀವು ಕೇಳದೇ ಬಿಟ್ಟ ನಾಲ್ಕನೆಯ ವಿಷಯವೊಂದಿದೆ. ಅದು ಕರೆಂಟು, ಮತ್ತು ಮಲೆನಾಡಿನಲ್ಲಿ ದುಬಾರಿ ಕಂಪ್ಯೂಟರ್‌ಗಳು ಹಾಳಾಗುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಅದರಿಂದಲೇ.

ಮೊದಲು ಬೆವರುವ ಮಾತನ್ನು ಇತ್ಯರ್ಥ ಮಾಡೋಣ. ಗಾಳಿಯಲ್ಲಿರುವ ಆವಿಯು ಒಂದು ವಸ್ತುವಿನ ಮೇಲೆ ಹನಿಯಾಗಿ ಕೂರಬೇಕಾದರೆ ಆ ವಸ್ತು ಸುತ್ತಲಿನ ಗಾಳಿಗಿಂತ ತಣ್ಣಗಿರಬೇಕು, ಅದೂ ಇಬ್ಬನಿ ಬಿಂದು ಎಂಬ ಉಷ್ಣಾಂಶಕ್ಕಿಂತ ಕೆಳಗಿರಬೇಕು. ಪುನರ್ವಸು ಮಳೆ ಬಿಡದೆ ಹಿಡಿದಿರುವ ಜುಲೈ ತಿಂಗಳ ಒಂದು ದಿನ ನಿಮ್ಮ ಕೋಣೆ 24 ಡಿಗ್ರಿ ಇದೆ, ಗಾಳಿಯ ಆರ್ದ್ರತೆ ಶೇ 90ರಷ್ಟಿದೆ ಎಂದಿಟ್ಟುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 22 ಡಿಗ್ರಿ. ಕಂಪ್ಯೂಟರಿನ ವಾಟರ್ ಕೂಲಿಂಗ್‌ನಲ್ಲಿ ನೀರನ್ನು ತಣಿಸುವುದು ರೇಡಿಯೇಟರ್ ಎಂಬ ಲೋಹದ ಜಾಲರಿಯ ಮೂಲಕ ಹಾಯುವ ಅದೇ ಕೋಣೆಯ ಗಾಳಿಯಾದ್ದರಿಂದ, ನೀರು ಕೋಣೆಗಿಂತ ತಣ್ಣಗಾಗಲು ದಾರಿಯೇ ಇಲ್ಲ. ಕೆಲಸ ನಡೆಯುತ್ತಿರುವಾಗ ಅದು ಕೋಣೆಗಿಂತ ಹತ್ತು ಹನ್ನೆರಡು ಡಿಗ್ರಿ ಬೆಚ್ಚಗೇ ಇರುತ್ತದೆ. ಆಗುಂಬೆಯಂತೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ಪೈಪು ಬೆವರುವುದು ಚಿಲ್ಲರ್ ಎಂಬ ಶೀತಕ ಯಂತ್ರ ಅಥವಾ ವಿದ್ಯುತ್ತಿನಿಂದ ತಣ್ಣಗಾಗುವ ಪೆಲ್ಟಿಯರ್ ಫಲಕ ಬಳಸಿ ನೀರನ್ನು ಕೋಣೆಗಿಂತ ಕೆಳಗಿನ ಉಷ್ಣಾಂಶಕ್ಕೆ ಇಳಿಸಿದಾಗ ಮಾತ್ರ. ದಾಖಲೆಗಾಗಿ ಓವರ್‌ಕ್ಲಾಕ್ ಮಾಡುವವರ, ಅಂದರೆ ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವವರ, ಆ ದಾರಿಗೆ ನೀವು ಹೋಗಬೇಕಾಗಿಲ್ಲ.

ಹಾಗೆಂದು ತೇವದಿಂದ ತೊಂದರೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತೇವ ಕಾಡುವುದು ಓಡುತ್ತಿರುವ ಯಂತ್ರವನ್ನಲ್ಲ, ನಿಂತಿರುವ ಯಂತ್ರವನ್ನು. ಮಳೆಗಾಲದಲ್ಲಿ ಎರಡು ಮೂರು ವಾರ ಮುಚ್ಚಿಟ್ಟ ಕಂಪ್ಯೂಟರಿನ ಒಳಗೆ ಕೂತಿರುವ ಧೂಳು ತೇವ ಹೀರಿಕೊಂಡು ಬೋರ್ಡಿನ ಮೇಲೆ ವಿದ್ಯುತ್ ಹರಿಯಬಲ್ಲ ಪೊರೆಯಾಗುತ್ತದೆ, ಕನೆಕ್ಟರ್‌ಗಳ ಮೊನೆಗೆ ಕಿಲುಬು ಹಿಡಿಯುತ್ತದೆ, ಫ್ಯಾನಿನ ರೆಕ್ಕೆಯ ಮೇಲೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಇದು ಗಾಳಿಯಿಂದ ತಣಿಯುವ ಕಂಪ್ಯೂಟರಿಗೂ ಅಷ್ಟೇ ಅನ್ವಯಿಸುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆಯಾದರೂ ಯಂತ್ರವನ್ನು ಓಡಿಸಿದರೆ ಒಳಗಿನ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ಇನ್ನು ಎಸಿ ಹಾಕಿದ ಕಾರಿನಲ್ಲಿ ಕಂಪ್ಯೂಟರ್ ತಂದು ಮಳೆಗಾಲದ ಕೋಣೆಯಲ್ಲಿ ಇಳಿಸಿದ ಕೂಡಲೇ ಸ್ವಿಚ್ ಒತ್ತಬೇಡಿ. ತಣ್ಣಗಾಗಿರುವ ಲೋಹದ ಮೇಲೆ ಆಗ ನಿಜಕ್ಕೂ ಹನಿ ಕೂರಬಹುದು. ನಾಲ್ಕೈದು ಗಂಟೆ ಹಾಗೆಯೇ ಬಿಟ್ಟು ಆಮೇಲೆ ಚಾಲೂ ಮಾಡಿ.

ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದು, ಅವರಿಗೆ ಉತ್ತರ ಕೊಡಲೇಬೇಕು. ಚಿಪ್‌ನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ಕೊಡುವ ಲೋಹದ ಬ್ಲಾಕ್‌ಗಳು ಮುಟ್ಟಿಕೊಂಡಿರುವ ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ ಬರುವುದು ಹೆಚ್ಚೆಂದರೆ 12 ವೋಲ್ಟ್ ಡಿಸಿ ಮಾತ್ರ. ಗೋಡೆಯ 230 ವೋಲ್ಟ್, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಆಚೆಗೆ ಬರುವುದಿಲ್ಲ. ಆದ್ದರಿಂದ ಅರ್ತಿಂಗ್ ಸರಿಯಾಗಿದ್ದರೆ ಸೋರಿಕೆಯಿಂದ ಮನೆಯವರಿಗೆ ಶಾಕ್ ಹೊಡೆಯುವ ಅಪಾಯ ತೀರಾ ಕಡಿಮೆ, ನಷ್ಟವೇನಿದ್ದರೂ ಹಣದ್ದು. ಎಸ್‌ಎಂಪಿಎಸ್ ಅನ್ನು ಕ್ಯಾಬಿನೆಟ್‌ನ ತಳದಲ್ಲಿ, ಅದರ ಫ್ಯಾನ್ ಕೆಳಮುಖವಾಗಿರುವಂತೆ ಕೂರಿಸಿದರೆ ಮೇಲಿಂದ ಬಿದ್ದ ಹನಿ ಅದರೊಳಗೆ ಇಳಿಯುವುದಿಲ್ಲ. ಪಂಪ್, ಬ್ಲಾಕ್, ಪೈಪು, ರೇಡಿಯೇಟರ್ ಸೇರಿ ನೀರು ಸುತ್ತುವ ಇಡೀ ಲೂಪ್‌ನಲ್ಲಿ ಇರುವ ನೀರು ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು.

ಸೋರಿಕೆ ಎಂದರೆ ಪೈಪು ಒಡೆದು ನೀರು ಚಿಮ್ಮುವುದು ಎಂದು ಜನ ಭಾವಿಸುತ್ತಾರೆ. ನಾನು ಕಂಡ ಸೋರಿಕೆಗಳೆಲ್ಲ ಬಹುತೇಕ ನಿಧಾನದವು: ಪೈಪನ್ನು ಜೋಡಿಸುವ ಫಿಟ್ಟಿಂಗ್‌ನ ಒಳಗಿರುವ ರಬ್ಬರ್ ಓ-ರಿಂಗ್ ತಿರುಚಿಕೊಂಡಿರುತ್ತದೆ, ಅಥವಾ ಅದರ ಮೇಲೆ ಒಂದು ನಾರಿನ ಎಳೆ ಕೂತಿರುತ್ತದೆ, ಅಥವಾ ಗಟ್ಟಿ ಪೈಪನ್ನು ಓರೆಯಾಗಿ ಕತ್ತರಿಸಿದ್ದರಿಂದ ಅದು ಪೂರ್ತಿ ಒಳಗೆ ಕೂತಿರುವುದಿಲ್ಲ. ಅಕ್ರಿಲಿಕ್ ಬ್ಲಾಕ್‌ಗೆ ಫಿಟ್ಟಿಂಗ್ ಅನ್ನು ಸ್ಪ್ಯಾನರ್ ಹಾಕಿ ಬಿಗಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಯಂತ್ರ ಹತ್ತಾರು ಸಲ ಬಿಸಿಯಾಗಿ ಆರಿದ ಮೇಲೆ ಅಲ್ಲಿಂದ ಒಸರತೊಡಗುತ್ತದೆ. ಕೈಬಿಗಿಯೇ ಸಾಕು. ಇವೆಲ್ಲ ಜೋಡಣೆಯ ದೋಷಗಳು, ಆದ್ದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ಆ ಪರೀಕ್ಷೆಯನ್ನು ಅವಸರ ಮಾಡದೆ ಮಾಡಬೇಕು. ಮೊದಲು ಲೂಪ್ ಖಾಲಿ ಇರುವಾಗಲೇ ಒತ್ತಡದ ಗಡಿಯಾರವಿರುವ ಚಿಕ್ಕ ಕೈಪಂಪಿನಿಂದ ಸುಮಾರು ಅರ್ಧ ಬಾರ್ ಗಾಳಿ ತುಂಬಿ, ಅರ್ಧ ಗಂಟೆ ಮುಳ್ಳು ಕದಲುತ್ತದೆಯೇ ನೋಡಬೇಕು. ಯಾವುದೋ ಭಾಗಕ್ಕೆ ಇದಕ್ಕಿಂತ ಕಡಿಮೆ ಮಿತಿಯಿದ್ದರೆ ಆ ಮಿತಿಯನ್ನು ಪಾಲಿಸಿ. ಮುಳ್ಳು ನಿಂತಲ್ಲೇ ನಿಂತರೆ ಕೂಲೆಂಟ್ (ಲೂಪ್‌ನಲ್ಲಿ ಸುತ್ತುವ ತಣಿಸುವ ದ್ರವ) ತುಂಬಿ, ಮದರ್‌ಬೋರ್ಡಿಗೂ ಕಾರ್ಡಿಗೂ ವಿದ್ಯುತ್ ಕೊಡದೆ, ಎಸ್‌ಎಂಪಿಎಸ್‌ನ 24 ಪಿನ್ ತುದಿಗೆ ಜಂಪರ್ ಹಾಕಿ ಪಂಪ್ ಒಂದನ್ನೇ ಒಂದು ಹಗಲು ಒಂದು ರಾತ್ರಿ ಓಡಿಸಬೇಕು. ಪ್ರತಿ ಫಿಟ್ಟಿಂಗ್‌ನ ಕೊರಳಿಗೂ ಬಿಳಿ ಟಿಶ್ಯೂ ಕಾಗದ ಸುತ್ತಿಡಿ. ಬೆರಳಿಗೆ ತೇವ ತಾಗದಷ್ಟು ಸಣ್ಣ ಒಸರಾದರೂ ಕಾಗದದ ಅಂಚಿನಲ್ಲಿ ಉಂಗುರದಂಥ ಕಲೆ ಬಿಟ್ಟಿರುತ್ತದೆ. ಕಲೆ ಕಂಡರೆ ಬಿಗಿಯಲು ಹೋಗಬೇಡಿ. ನೀರು ಇಳಿಸಿ, ಫಿಟ್ಟಿಂಗ್ ಬಿಚ್ಚಿ, ಓ-ರಿಂಗ್ ಬದಲಿಸಿ ಮತ್ತೆ ಮೊದಲಿನಿಂದ ಆರಂಭಿಸಿ.

ಈಗ ನೀರು ನಿಮಗೆ ನಿಜಕ್ಕೂ ಏನು ಕೊಡುತ್ತದೆ ಎಂಬ ಮುಖ್ಯ ಮಾತು. ನೀವು ಆರಿಸಿರುವ 9950ಎಕ್ಸ್ ಪ್ರೊಸೆಸರ್ ಪೂರ್ತಿ ದುಡಿಯುವಾಗ 230 ವ್ಯಾಟ್ ವರೆಗೆ ಎಳೆಯುತ್ತದೆ, 5090 ಕಾರ್ಡ್‌ನ ಮಿತಿ 575 ವ್ಯಾಟ್. ಎರಡೂ ಸೇರಿ 800 ವ್ಯಾಟ್ ದಾಟಿತು. ಇಷ್ಟೂ ಶಾಖವಾಗಿಯೇ ಹೊರಬರುತ್ತದೆ. ನೀರಿನಿಂದ ತಣಿಸಿದರೂ, ಗಾಳಿಯಿಂದ ತಣಿಸಿದರೂ ಅದು ಕೊನೆಗೆ ಸೇರುವುದು ನಿಮ್ಮ ಕೋಣೆಯನ್ನೇ. ವಾಟರ್ ಕೂಲಿಂಗ್ ಹಾಕಿದರೆ ಕೋಣೆ ತಂಪಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ನೀರು ಮಾಡುವುದು ಇಷ್ಟೇ: ಚಿಪ್‌ನ ಚಿಕ್ಕ ಮೇಲ್ಮೈಯಲ್ಲಿ ಹುಟ್ಟಿದ ಶಾಖವನ್ನು ಬೇಗ ಎತ್ತಿಕೊಂಡು, ಅದನ್ನು ಹೊರಹಾಕಲು ವಿಶಾಲವಾದ ರೇಡಿಯೇಟರ್ ಒದಗಿಸುತ್ತದೆ. ಅದರಿಂದ ಫ್ಯಾನ್‌ಗಳು ನಿಧಾನವಾಗಿ ತಿರುಗಬಹುದು, ಸದ್ದು ಇಳಿಯುತ್ತದೆ.

ಇದರ ಲಾಭ ಎರಡಕ್ಕೂ ಸಮವಲ್ಲ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬ್ಲಾಕ್ ನೇರವಾಗಿ ಚಿಪ್‌ನ ಮೇಲೆ ಕೂರುವುದರಿಂದ ಗಾಳಿಯಲ್ಲಿ 70 ಡಿಗ್ರಿ ದಾಟುತ್ತಿದ್ದ ಕಾರ್ಡ್ ನೀರಿನಲ್ಲಿ 50ರ ಆಸುಪಾಸಿಗೆ ಇಳಿಯುವುದನ್ನು ನಾನು ಕಂಡಿದ್ದೇನೆ. ಪ್ರೊಸೆಸರ್‌ನಲ್ಲಿ ಹಾಗಾಗುವುದಿಲ್ಲ. ಅದರ ಕೋರ್‌ಗಳಿರುವ ಚಿಪ್‌ಗಳು ತೀರಾ ಪುಟ್ಟವು, ಮೇಲೆ ದಪ್ಪನೆಯ ಲೋಹದ ಮುಚ್ಚಳ ಬೇರೆ. ಶಾಖ ನೀರನ್ನು ತಲುಪುವ ಮೊದಲೇ ಅಲ್ಲಿ ತಡೆಯುತ್ತದೆ. ಹೀಗಾಗಿ ಎಷ್ಟೇ ದೊಡ್ಡ ಲೂಪ್ ಹಾಕಿದರೂ ಪ್ರೊಸೆಸರ್‌ನ ಅಂಕಿ ಎತ್ತರದಲ್ಲೇ ಉಳಿಯಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ, ಈ ಪ್ರೊಸೆಸರನ್ನು 95 ಡಿಗ್ರಿಯ ವರೆಗೆ ಕೆಲಸ ಮಾಡುವಂತೆಯೇ ರೂಪಿಸಲಾಗಿದೆ.

ರೇಡಿಯೇಟರ್ ಎಷ್ಟು ಬೇಕು ಎಂಬುದಕ್ಕೆ ನಮ್ಮ ಕಸುಬಿನಲ್ಲಿ ಒಂದು ಒರಟು ಲೆಕ್ಕವಿದೆ: ಸದ್ದಿಲ್ಲದೆ ನಡೆಯಬೇಕಾದರೆ 120 ಮಿಲಿಮೀಟರಿನ ಒಂದು ಫ್ಯಾನ್ ಜಾಗಕ್ಕೆ 100 ವ್ಯಾಟ್. ನಿಮ್ಮ 800 ವ್ಯಾಟಿಗೆ ಎಂಟು ಫ್ಯಾನ್ ಜಾಗ ಬೇಕಾಗುತ್ತದೆ, ಅಂದರೆ ತಲಾ ಮೂರು ಫ್ಯಾನ್ ಹಿಡಿಯುವ 360 ಮಿಲಿಮೀಟರಿನ ಎರಡು ರೇಡಿಯೇಟರ್ ಸಾಲದೆ ಮೂರನೆಯದನ್ನು ಹೊಂದಿಸಬೇಕು. ಇಲ್ಲಿಯೇ ನಾನು ಗಿರಾಕಿಗಳಿಗೆ ತಡೆದು ಹೇಳುವ ಮಾತೊಂದಿದೆ. ರೇಡಿಯೇಟರ್ ಹೆಚ್ಚಿಸುವ ಮೊದಲು ಶಾಖವನ್ನೇ ಕಡಿಮೆ ಮಾಡಿ ನೋಡಿ. ಪ್ರೊಸೆಸರನ್ನು ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ, ‘105 ವ್ಯಾಟ್’ ಎಂದು ಹೆಸರಿಸಿರುವ, ವಿದ್ಯುತ್ ಉಳಿಸುವ ಇಕೋ ಮೋಡ್‌ಗೆ ಇಟ್ಟರೆ ಅದು ಎಳೆಯುವ ವಿದ್ಯುತ್ 142 ವ್ಯಾಟಿಗೆ ನಿಲ್ಲುತ್ತದೆ. ಕಾರ್ಡ್‌ನ ಪವರ್ ಲಿಮಿಟ್ ಶೇ 80ಕ್ಕೆ ಇಳಿಸಿದರೆ 460 ವ್ಯಾಟ್. ಒಟ್ಟು 600ರ ಆಸುಪಾಸು. ಕೊನೆಯ ಕೆಲವೇ ಮೆಗಾಹರ್ಟ್ಸ್‌ಗಾಗಿ ಚಿಪ್‌ಗಳು ಅಳತೆ ಮೀರಿ ವಿದ್ಯುತ್ ನುಂಗುತ್ತವೆಯಾದ್ದರಿಂದ, ವಿದ್ಯುತ್ ಕಾಲು ಭಾಗ ಇಳಿದರೂ ರೆಂಡರಿಂಗ್ ವೇಗ ಅಷ್ಟು ಇಳಿಯುವುದಿಲ್ಲ. ರಾತ್ರಿ ಎಂಟು ಗಂಟೆ ಓಡುವ ಕೆಲಸ ಸ್ವಲ್ಪ ತಡವಾಗಿ ಮುಗಿದರೆ ನಿಮಗೆ ನಷ್ಟವೇನೂ ಇಲ್ಲ. ಆಗ 360ರ ಎರಡು ರೇಡಿಯೇಟರ್‌ಗಳೇ ಸಾಕು, ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮೇಲಿನ ಭಾರವೂ ತಗ್ಗುತ್ತದೆ.

ನೀರು ಮೊದಲು ಕಾರ್ಡ್‌ಗೆ ಹೋಗಬೇಕೇ, ಪ್ರೊಸೆಸರ್‌ಗೇ ಎಂದು ಬಹಳ ಮಂದಿ ತಲೆ ಕೆಡಿಸಿಕೊಳ್ಳುತ್ತಾರೆ. ನಿಮಿಷಕ್ಕೆ ಮೂರೂವರೆ ಲೀಟರ್ ಹರಿಯುತ್ತಿದ್ದರೆ 600 ವ್ಯಾಟ್ ಶಾಖ ಆ ನೀರನ್ನು ಎರಡೂವರೆ ಡಿಗ್ರಿಯಷ್ಟು ಮಾತ್ರ ಏರಿಸುತ್ತದೆ. ಕ್ರಮ ಯಾವುದಾದರೂ ಆಗಬಹುದು. ಪಂಪ್‌ಗಿಂತ ಮೊದಲು, ಅದಕ್ಕಿಂತ ಎತ್ತರದಲ್ಲಿ ನೀರು ತುಂಬಿಡುವ ರಿಸರ್ವಾಯರ್ ತೊಟ್ಟಿ ಇರಲಿ, ಪಂಪ್ ಎಂದೂ ಒಣಗಿ ಓಡದಿರಲಿ.

ಇನ್ನು ಅಬ್ಬಿ ನೀರು. ಗುಡ್ಡದಿಂದ ಇಳಿದು ಬರುವ ಆ ನೀರು ಕುಡಿಯಲು ಎಷ್ಟೇ ಸೊಗಸಾಗಿದ್ದರೂ ಅದರಲ್ಲಿ ಖನಿಜಗಳಿವೆ, ಕಣ್ಣಿಗೆ ಕಾಣದ ಜೀವಿಗಳಿವೆ, ಬಟ್ಟೆಯಲ್ಲಿ ಸೋಸಿದರೆ ಎರಡೂ ಹೋಗುವುದಿಲ್ಲ. ಬ್ಲಾಕ್‌ನ ಒಳಗಿರುವ ತಾಮ್ರದ ಗೆರೆಗಳ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಿರಿದು. ಅಲ್ಲಿ ಪಾಚಿ ಕಟ್ಟಿಕೊಂಡರೆ ಹರಿವು ನಿಲ್ಲುತ್ತದೆ. ಒಮ್ಮೆ ನನ್ನ ಬಳಿ ಬಂದ ಕಾರ್ಡ್‌ನ ಬ್ಲಾಕ್ ತೆರೆದಾಗ, ನೀರು ಒಳಬರುವ ಸೀಳಿನ ಉದ್ದಕ್ಕೂ ಹಸಿರುಕಂದು ಲೋಳೆ ದಾರದಂತೆ ಕೂತಿತ್ತು. ಹಲ್ಲುಜ್ಜುವ ಮೃದು ಬ್ರಷ್ಷಿನಿಂದ ಗೆರೆ ಗೆರೆಯಾಗಿ ತೆಗೆಯಬೇಕಾಯಿತು. ಆ ಕಂಪ್ಯೂಟರಿನಲ್ಲಿ ಇದ್ದದ್ದು ಬಾವಿ ನೀರು, ಅದನ್ನು ಇಟ್ಟಿದ್ದದ್ದು ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ. ಬೆಳಕು ಇದ್ದಲ್ಲಿ ಪಾಚಿ ಬೇಗ ಬೆಳೆಯುತ್ತದೆ.

ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವ ಬ್ಯಾಟರಿ ನೀರು ಇದಕ್ಕಿಂತ ಮೇಲು, ಆದರೆ ಅದೊಂದನ್ನೇ ತುಂಬಿ ಬಿಡುವಂತಿಲ್ಲ. ಶುದ್ಧ ನೀರಿಗೆ ಲೋಹವನ್ನು ಕಾಪಾಡುವ ಗುಣವಿಲ್ಲ, ಜೀವಿಗಳನ್ನು ತಡೆಯುವ ಗುಣವೂ ಇಲ್ಲ. ಕಂಪ್ಯೂಟರ್ ಲೂಪ್‌ಗೆಂದೇ ತಯಾರಾದ, ತುಕ್ಕು ನಿರೋಧಕ ಮತ್ತು ಜೀವಿನಾಶಕ ಸೇರಿಸಿದ ಬಣ್ಣವಿಲ್ಲದ ಕೂಲೆಂಟ್ ಕೊಳ್ಳಿ. ಹಾಲಿನಂತೆ ಮಂದವಾಗಿ ಕಾಣುವ ಬಣ್ಣದ ಕೂಲೆಂಟ್‌ಗಳು ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಅವುಗಳಲ್ಲಿರುವ ಸಣ್ಣ ಕಣಗಳು ತಿಂಗಳುಗಳು ಕಳೆದಂತೆ ತಳಕ್ಕೆ ಕೂತು ಬ್ಲಾಕ್‌ನ ಸಂದುಗಳನ್ನು ಮುಚ್ಚುತ್ತವೆ. ವಿದ್ಯುತ್ ಹರಿಯದ ಕೂಲೆಂಟ್ ಎಂದು ಬರೆದಿರುವುದನ್ನು ನಂಬಿ ಎಚ್ಚರ ತಪ್ಪಬೇಡಿ, ಲೂಪ್‌ನಲ್ಲಿ ಸುತ್ತುತ್ತಾ ಲೋಹದ ಅಯಾನುಗಳು ಸೇರಿದ ಮೇಲೆ ಯಾವ ದ್ರವವೂ ಹಾಗೆಯೇ ಉಳಿಯುವುದಿಲ್ಲ. ಕಾರಿನ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಮನೆಯಲ್ಲಿ ಮಕ್ಕಳು, ನಾಯಿ ಬೆಕ್ಕು ಇದ್ದರೆ ಅದನ್ನು ತರಲೇಬೇಡಿ.

ಲೋಹಗಳ ವಿಷಯದಲ್ಲಿ ಒಂದೇ ನಿಯಮ, ಆದರೆ ಅದನ್ನು ಮುರಿಯುವಂತಿಲ್ಲ: ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪಿಸಿದ ತಾಮ್ರ ಒಟ್ಟಿಗೆ ಇರಬಹುದು, ಅಲ್ಯೂಮಿನಿಯಂ ಅವುಗಳ ಜೊತೆಗೆ ಇರಕೂಡದು. ಒಂದೇ ನೀರಿನಲ್ಲಿ ಅಲ್ಯೂಮಿನಿಯಂ ಮತ್ತು ತಾಮ್ರ ಸೇರಿದರೆ ಬ್ಯಾಟರಿಯೇ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅಗ್ಗದ ಕೆಲವು ರೇಡಿಯೇಟರ್‌ಗಳು ಅಲ್ಯೂಮಿನಿಯಂನವು, ಹೊರಗೆ ಕಪ್ಪು ಬಣ್ಣ ಬಳಿದಿರುವುದರಿಂದ ನೋಡಿ ಗುರುತಿಸಲಾಗದು. ಕೊಳ್ಳುವಾಗ ಒಳಗಿನ ಲೋಹ ಯಾವುದೆಂದು ಬರಹದಲ್ಲಿ ಕೇಳಿ. ಹೊಸ ರೇಡಿಯೇಟರ್‌ನಲ್ಲಿ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ, ಅದನ್ನು ಬಿಸಿ ಮಾಡಿದ ಡಿಸ್ಟಿಲ್ಡ್ ನೀರಿನಿಂದ ಕುಲುಕಿ, ಹೊರಬರುವ ನೀರು ತಿಳಿಯಾಗುವ ತನಕ ತೊಳೆದ ಮೇಲೆಯೇ ಜೋಡಿಸಬೇಕು.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಎರಡನ್ನೂ ಗಾಳಿಯಿಂದಲೇ ತಣಿಸುವುದು ಎಲ್ಲಕ್ಕಿಂತ ಸುರಕ್ಷಿತ. ಎರಡು ಗೋಪುರಗಳಿರುವ ದೊಡ್ಡ ಏರ್ ಕೂಲರ್ ನಿಮ್ಮ ಪ್ರೊಸೆಸರನ್ನು ಇಕೋ ಮೋಡ್‌ನಲ್ಲಿ ಸಲೀಸಾಗಿ ಹಿಡಿದಿಡುತ್ತದೆ. ಅಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಅದರ ಬದಲಿ ಫ್ಯಾನು ಶಿವಮೊಗ್ಗದ ಪೇಟೆಯಲ್ಲೇ ಸಿಕ್ಕೀತು. ಕಾರ್ಡ್‌ನ ಸ್ವಂತ ಫ್ಯಾನ್‌ಗಳ ಸದ್ದು ಮಾತ್ರ ರಾತ್ರಿ ಕಿವಿಗೆ ಬಡಿಯುತ್ತದೆ, ಕಂಪ್ಯೂಟರ್ ಮಲಗುವ ಕೋಣೆಯಲ್ಲೇ ಇದ್ದರೆ ಅದು ಸಣ್ಣ ವಿಷಯವಲ್ಲ.

ನೀರು, ಪಂಪ್, ರೇಡಿಯೇಟರ್ ಎಲ್ಲ ಒಂದೇ ಆಗಿ ಕಾರ್ಖಾನೆಯಲ್ಲೇ ಮುಚ್ಚಿ ಬಂದಿರುವ ಎಐಒ (ಆಲ್ ಇನ್ ಒನ್) ಕೂಲರ್ ನಡುವಿನ ದಾರಿ. ಇದನ್ನು ತುಂಬುವ, ತೊಳೆಯುವ ಗೋಜಿಲ್ಲ. ಆದರೆ ಅದರ ರಬ್ಬರ್ ಪೈಪಿನ ಮೂಲಕ ವರ್ಷಾನುಗಟ್ಟಲೆ ನೀರು ಅಣು ಅಣುವಾಗಿ ಆವಿಯಾಗಿ ಹೋಗುತ್ತದೆ, ಮತ್ತೆ ತುಂಬುವ ಬಾಯಿ ಬಹುತೇಕ ಮಾದರಿಗಳಲ್ಲಿ ಇರುವುದಿಲ್ಲ. ಐದಾರು ವರ್ಷಕ್ಕೆ ಬದಲಿಸುವ ವಸ್ತುವೆಂದೇ ಲೆಕ್ಕ ಹಾಕಿಕೊಳ್ಳಿ. ಪಂಪ್ ಬ್ಲಾಕ್‌ನಲ್ಲೇ ಇರುವುದರಿಂದ ರೇಡಿಯೇಟರ್‌ನ ಮೇಲಂಚು ಅದಕ್ಕಿಂತ ಎತ್ತರದಲ್ಲಿರುವಂತೆ ಕೂರಿಸಬೇಕು, ಇಲ್ಲವಾದರೆ ಗಾಳಿ ಪಂಪ್‌ನಲ್ಲಿ ಸಿಕ್ಕಿಕೊಂಡು ಗೊರಗುಟ್ಟುತ್ತದೆ. ಕಂಪನಿಯೇ ರೇಡಿಯೇಟರ್ ಜೋಡಿಸಿ ಮಾರುವ 5090 ಕಾರ್ಡ್‌ಗಳೂ ಇವೆ. ಅವುಗಳಲ್ಲಿ ಕಾರ್ಡ್ ತಂಪಾಗಿಯೂ ಇರುತ್ತದೆ, ವಾರಂಟಿಗೂ ಧಕ್ಕೆಯಿಲ್ಲ.

ಮೂರನೆಯದು ನೀವು ಬಯಸಿರುವ ಕಸ್ಟಮ್ ಲೂಪ್. ಸದ್ದು ಮತ್ತು ಉಷ್ಣಾಂಶ ಎರಡರಲ್ಲೂ ಇದೇ ಮೇಲು, ಪ್ರತಿ ಭಾಗವನ್ನೂ ಬಿಡಿಯಾಗಿ ಬದಲಿಸಬಹುದು. ಬೆಲೆ ಮಾತ್ರ ಒಳ್ಳೆಯ ಭಾಗಗಳನ್ನೇ ಆರಿಸಿದರೆ ಕೂಲಿಂಗ್ ಒಂದಕ್ಕೇ ಲಕ್ಷದ ಆಸುಪಾಸಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಬೆಲೆ ಬೇರೆಯದು. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ನೀರು ಬದಲಿಸಬೇಕು. ಒಂದು ಮೆಮೊರಿ ಕಡ್ಡಿ ಅಥವಾ ಎಸ್‌ಎಸ್‌ಡಿ ಬದಲಿಸಬೇಕಾದರೂ ಕೆಲವೊಮ್ಮೆ ಲೂಪ್ ಖಾಲಿ ಮಾಡಬೇಕಾಗುತ್ತದೆ. ತೀರ್ಥಹಳ್ಳಿಯಲ್ಲಿ ಕುಳಿತು ಇದಕ್ಕೆಲ್ಲ ಮೆಕ್ಯಾನಿಕ್ಕನ್ನು ಕಾಯುವುದಾದರೆ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಲೂಪನ್ನು ಖಾಲಿ ಮಾಡಿ, ಬಿಚ್ಚಿ, ಮರಳಿ ತುಂಬುವುದನ್ನು ನಿಮ್ಮ ಕೈಯಿಂದಲೇ ಮಾಡಲು ತಯಾರಿದ್ದರೆ ಮಾತ್ರ ಕಸ್ಟಮ್ ಲೂಪ್ ಹಾಕಿಸಿ. ಬೇರೊಬ್ಬರು ಮಾಡಿಕೊಡಲಿ ಎಂದಿದ್ದರೆ ರೇಡಿಯೇಟರ್ ಸಮೇತ ಬರುವ ಕಾರ್ಡ್ ಮತ್ತು ಪ್ರೊಸೆಸರಿಗೆ ಏರ್ ಕೂಲರ್, ಇವೆರಡೇ ನಿಮಗೆ ಸರಿ.

ಮಾಡಿಯೇ ಮಾಡುತ್ತೇನೆ ಎಂದಾದರೆ ಚಂದಕ್ಕಿಂತ ಬಿಚ್ಚುವ ಸುಲಭವನ್ನು ಮುಂದಿಟ್ಟುಕೊಂಡು ಯೋಜಿಸಿ. ಬಾಗಿಸಿ ಜೋಡಿಸುವ ಗಟ್ಟಿ ಪೈಪು ಬೇಡ. ಇಪಿಡಿಎಂ ರಬ್ಬರಿನ ಕಪ್ಪು ಮೆದು ಪೈಪು ಹಾಕಿಸಿ. ಪಾರದರ್ಶಕ ಪಿವಿಸಿ ಪೈಪಿನಿಂದ ಕಾಲಕ್ರಮೇಣ ಹೊರಬರುವ ಪ್ಲಾಸ್ಟಿಸೈಸರ್ ಬ್ಲಾಕ್‌ನಲ್ಲಿ ಅಂಟಾಗಿ ಕೂರುತ್ತದೆ, ಇಪಿಡಿಎಂನಲ್ಲಿ ಆ ಕಾಟವಿಲ್ಲ, ಬೆಳಕೂ ಒಳಹೋಗುವುದಿಲ್ಲ. ತೋಟಕ್ಕೆ ನೀರು ಹಾಯಿಸುವ ಪೈಪಿನ ತಗ್ಗಿನ ತುದಿಗೆ ಗೇಟ್‌ವಾಲ್ವ್ ಇಡುವ ಹಾಗೆ ಲೂಪ್‌ನ ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ವಾಲ್ವ್ ಇರಲೇಬೇಕು. ಕಾರ್ಡ್‌ನ ಎರಡೂ ಬದಿಗೆ ಕ್ವಿಕ್ ಡಿಸ್‌ಕನೆಕ್ಟ್ ಜೋಡಣೆ ಇದ್ದರೆ ನೀರು ಇಳಿಸದೆಯೇ ಕಾರ್ಡ್ ಹೊರತೆಗೆಯಬಹುದು. ಡಿ5 ಮಾದರಿಯ ಪಂಪ್ ಗಟ್ಟಿಮುಟ್ಟು. ಅದರ ವೇಗದ ತಂತಿಯನ್ನು ಮದರ್‌ಬೋರ್ಡಿಗೆ ಕೊಟ್ಟು, ತಿರುಗುವುದು ನಿಂತರೆ ಕಂಪ್ಯೂಟರ್ ತಾನಾಗಿ ಬಂದ್ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಿ. ರಾತ್ರಿ ನೀವು ನಿದ್ದೆಯಲ್ಲಿರುವಾಗ ಕಾಯುವುದು ಅದು. ಫ್ಯಾನ್‌ಗಳು ಚಿಪ್‌ನ ಉಷ್ಣಾಂಶ ನೋಡಿ ಏರಿಳಿಯುವ ಬದಲು ನೀರಿನ ಉಷ್ಣಾಂಶದ ಸೆನ್ಸರ್ ನೋಡಿ ತಿರುಗಲಿ, ಸದ್ದು ಒಂದೇ ಹದದಲ್ಲಿರುತ್ತದೆ. ಮನೆಯಲ್ಲಿ ಒಂದು ಸಾಧಾರಣ ಏರ್ ಕೂಲರ್, ಒಂದು ಹಿಡಿ ಓ-ರಿಂಗ್, ಒಂದು ಲೀಟರ್ ಕೂಲೆಂಟ್ ಸದಾ ಇರಲಿ. ಪಂಪ್ ಕೈಕೊಟ್ಟ ದಿನ ಕಾರ್ಡ್ ತೆಗೆದಿಟ್ಟು, ಏರ್ ಕೂಲರ್ ಮತ್ತು ಪ್ರೊಸೆಸರ್‌ನಲ್ಲೇ ಇರುವ ಸಣ್ಣ ಗ್ರಾಫಿಕ್ಸ್‌ನಿಂದ ಉಳಿದ ಕೆಲಸ ನಡೆಸಬಹುದು.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಕ್ರಮ ತಿರುಗಿಸಿ. ಬ್ಲಾಕ್‌ಗಳು ಒಂದೊಂದು ಕಂಪನಿಯ ಒಂದೊಂದು ಬೋರ್ಡಿನ ಅಳತೆಗೆ ತಯಾರಾಗುತ್ತವೆ. 5090 ಎಂಬ ಹೆಸರು ಒಂದೇ ಆದರೂ ಒಳಗಿನ ಬೋರ್ಡ್ ಬೇರೆ ಬೇರೆ. ಯಾವ ಬ್ಲಾಕ್ ಭಾರತದಲ್ಲಿ ಸಿಗುತ್ತದೆ ನೋಡಿ, ಆಮೇಲೆ ಅದಕ್ಕೆ ಒಪ್ಪುವ ಕಾರ್ಡ್ ಆರಿಸಿ. ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಗೆ ಇಮೇಲ್ ಬರೆದು ಉತ್ತರವನ್ನು ಉಳಿಸಿಟ್ಟುಕೊಳ್ಳಿ, ಅಂಗಡಿಯವರ ಬಾಯಿಮಾತು ಸಾಲದು. ಕಾರ್ಡ್‌ಗೆ ವಿದ್ಯುತ್ ಕೊಡುವ 16 ಪಿನ್ ಕನೆಕ್ಟರ್ ಪೂರ್ತಿ ಒಳಗೆ ಕೂತಿರಲಿ. ಅರ್ಧ ಕೂತ ತುದಿ ಬಿಸಿಯಾಗಿ ಕರಗುವುದನ್ನು ಯಾವ ವಾಟರ್ ಕೂಲಿಂಗೂ ತಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಕರೆಂಟಿನ ಮಾತು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲಿ ಬಿದ್ದರೆ ಅದರ ಹೊಡೆತ ವಿದ್ಯುತ್ ತಂತಿಯಿಂದಷ್ಟೇ ಅಲ್ಲ, ಇಂಟರ್ನೆಟ್ಟಿನ ತಾಮ್ರದ ಕೇಬಲ್ಲಿನಿಂದಲೂ ಒಳಬರುತ್ತದೆ. ಮುಂಗಾರು ಹಿಡಿದ ಮೇಲೆ ಲೈನಿನ ಮೇಲೆ ಮರ ಬಿದ್ದು ವೋಲ್ಟೇಜ್ ಏರಿಳಿಯುವುದು ನಿಮಗೆ ಗೊತ್ತೇ ಇದೆ. ಕರೆಂಟ್ ಹೋದಾಗ ಲೂಪ್‌ಗೆ ಏನೂ ಆಗುವುದಿಲ್ಲ. ಪಂಪ್ ನಿಂತ ಕ್ಷಣವೇ ಶಾಖ ಹುಟ್ಟುವುದೂ ನಿಲ್ಲುತ್ತದೆ. ಏಟು ತಿನ್ನುವುದು ಎಸ್‌ಎಂಪಿಎಸ್, ಮದರ್‌ಬೋರ್ಡ್ ಮತ್ತು ಅರ್ಧಕ್ಕೆ ನಿಂತ ರೆಂಡರಿಂಗ್. ಮನೆಯ ದೀಪ, ಫ್ಯಾನುಗಳಿಗೆ ಹಾಕಿಸಿರುವ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಈ ಕಂಪ್ಯೂಟರ್ ಜೋಡಿಸಬೇಡಿ. ಪ್ಯೂರ್ ಸೈನ್ ವೇವ್ ಇರುವ 2 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿಸಿ, ಮೀಟರ್ ಬೋರ್ಡಿನಲ್ಲಿ ಎಲೆಕ್ಟ್ರಿಷಿಯನ್ ಕೈಯಿಂದ ಸರ್ಜ್ ಪ್ರೊಟೆಕ್ಷನ್ ಸಾಧನ ಜೋಡಿಸಿ, ಅರ್ತಿಂಗ್ ಅಳೆಸಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ, ಸಿಡಿಲಿನ ಕಾಲವೂ ಅದೇ. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಅಳೆಸಿದ ಅಂಕಿಯನ್ನೇ ನಂಬಿ, ಅದು 5 ಓಮ್‌ಗಿಂತ ಕೆಳಗಿರಲಿ. ಗುಡುಗು ಶುರುವಾದರೆ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಬೇರೊಂದಿಲ್ಲ.

ಕಂಪ್ಯೂಟರ್ ಇಡುವ ಜಾಗವೂ ಮುಖ್ಯ. ಬಚ್ಚಲೊಲೆಯ ಹೊಗೆ ಸುಳಿಯುವ ಕಡೆ, ಅಡಿಕೆ ಸುಲಿಯುವ ಹೊತ್ತಿನಲ್ಲಿ ಸಿಪ್ಪೆಯ ನಾರು ಹಾರುವ ಕಡೆ ಇಟ್ಟರೆ ರೇಡಿಯೇಟರ್‌ನ ರೆಕ್ಕೆಗಳ ನಡುವೆ ಮಸಿ ಮತ್ತು ನಾರು ಸೇರಿ ಕಂಬಳಿಯಂತೆ ಒತ್ತಾಗುತ್ತದೆ. ಗಾಳಿ ಒಳಬರುವ ಕಡೆಗಳಿಗೆಲ್ಲ ಕಳಚಿ ತೊಳೆಯಬಹುದಾದ ಫಿಲ್ಟರ್ ಇರಲಿ. ಮೊದಲ ಮಳೆಯ ಸಂಜೆ ಬೆಳಕಿಗೆ ಮುತ್ತುವ ಮಳೆಹುಳಗಳು ಕ್ಯಾಬಿನೆಟ್‌ನ ಬಣ್ಣದ ದೀಪಗಳಿಗೂ ಮುತ್ತುತ್ತವೆ, ಫ್ಯಾನ್ ಅವುಗಳನ್ನು ಒಳಗೆಳೆಯುತ್ತದೆ. ಆ ದಿನಗಳಲ್ಲಿ ದೀಪ ಆರಿಸಿಡಿ.

ಕೊನೆಯದಾಗಿ ಸಾಗಣೆ. ಬೆಂಗಳೂರಿನಲ್ಲಿ ಜೋಡಿಸಿ ನೀರು ತುಂಬಿದ ಸ್ಥಿತಿಯಲ್ಲೇ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ತರುವುದಕ್ಕೆ ಒಪ್ಪಬೇಡಿ. ದಾರಿಯ ಕುಲುಕಾಟಕ್ಕೆ ಫಿಟ್ಟಿಂಗ್ ಸಡಿಲಾಗಬಹುದು, ಬ್ಲಾಕ್ ಸಮೇತ ತೂಗುವ ಕಾರ್ಡ್ ತನ್ನ ಸ್ಲಾಟನ್ನೇ ಮುರಿಯಬಹುದು. ಅಲ್ಲಿ ಜೋಡಿಸುವಾಗ ಎರಡು ದಿನ ಜೊತೆಗೆ ಕುಳಿತು, ಒಮ್ಮೆ ನೀವೇ ಖಾಲಿ ಮಾಡಿ ಮರಳಿ ತುಂಬಿ ನೋಡಿ. ಆಮೇಲೆ ನೀರಿಳಿಸಿ, ಕಾರ್ಡ್ ಬೇರೆ ಪೆಟ್ಟಿಗೆಯಲ್ಲಿಟ್ಟು ತಂದು, ಮನೆಯಲ್ಲಿ ಟಿಶ್ಯೂ ಕಾಗದದ ಪರೀಕ್ಷೆಯನ್ನು ಮತ್ತೆ ಪೂರ್ತಿ ಮಾಡಿ. ಮುಂದೆ ಯಾವಾಗಲಾದರೂ ಸೋರಿಕೆ ಕಂಡರೆ ಮೊದಲು ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತು, ನೀರು ಇಳಿಸಿ, ತೋಯ್ದ ಭಾಗವನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಫ್ಯಾನಿನ ಗಾಳಿಗೆ ಎರಡು ದಿನ ಒಣಗಿಸಿ. ಒದ್ದೆ ಇರುವಾಗ ವಿದ್ಯುತ್ ಕೊಡದಿದ್ದ ಬೋರ್ಡ್‌ಗಳು ಬಹುಪಾಲು ಉಳಿದುಕೊಂಡಿರುವುದನ್ನು ನಾನು ನೋಡಿದ್ದೇನೆ.